ಕೆಂಪು ಮೂಗಿನ ಗಂಡು

ಮದುವೆ ವಿಷಯಕ್ಕೆ ಕೋತಿಯನ್ನು ಎಳೆದು ತರುತ್ತಿದ್ದೇನೆ, ಕ್ಷಮಿಸಬೇಕು. ನಾನೂ ಕದಿರೇಶನೂ ಸಂಜೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವರು. ಪಾಠದ ಮೊದಲರ್ಧ ಎಚ್ಚರ, ಉಳಿದರ್ಧ ತೂಕಡಿಕೆ. ಹಾಗಾಗಿ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಆ ಭಾನುವಾರ ಸಂಜೆ ಐದಕ್ಕೆ ಗೌನಿಪಲ್ಲಿಯ ಕೋದಂಡರಾಮಪ್ಪ, ಮಗಳು ಮೌನಿಕಾಳನ್ನು ಕರೆದುಕೊಂಡು ಯಲ್ದೂರಿಗೆ ಬಂದು ಗಂಡಿನ ಮನೆ, ತೋಟ ನೋಡುವುದೆಂದು ಮಾತಾಗಿತ್ತು. ಮೂವತ್ತಾರು ದಾಟಿದ ಕದಿರೇಶನಿಗೆ ಇದು ಐದನೇ ಸಂಬಂಧ. ತೋರಿಸಿಕೊಳ್ಳಲು ಇದ್ದದ್ದು ಹನ್ನೆರಡು ಮಾವಿನ ಮರ. ಮಧ್ಯಾಹ್ನ ಉಂಡು ಕೈ ತೊಳೆಯಲು ಬಂದು ನೋಡಿದರೆ, ಕಾಯಿಗಿಂತ ಕೋತಿಯೇ ಹೆಚ್ಚು.

ಅವನಿಗೆ ಪಾಠ ನೆನಪಾಯಿತು. ಆಫ್ರಿಕಾದಲ್ಲಿ ಮ್ಯಾಂಡ್ರಿಲ್ ಅಂತ ಒಂದು ಕೋತಿ. ಕೆಂಪು ಮೂಗು, ನೀಲಿ ಕೆನ್ನೆ. ಕೆಂಪು ಹೆಚ್ಚಿದ್ದ ಗಂಡನ್ನು ಕಂಡರೆ ಉಳಿದ ಗಂಡುಗಳು ಜಗಳವಿಲ್ಲದೆ ಜಾಗ ಬಿಡುತ್ತವೆ. ಗೇಟಿಗೆ ಬಳಿದು ಉಳಿದ ಕೆಂಪು, ನೀಲಿ ಪೇಂಟು ಮನೆಯಲ್ಲೇ ಇತ್ತು.

ಮೂಗಿಗೆ ಕೆಂಪು, ಕೆನ್ನೆಗೆ ನೀಲಿ ಬಳಿದುಕೊಂಡು ಮರದಡಿ ನಿಂತು ಗುರುಗುಟ್ಟಿದ. ಗಂಡುಕೋತಿಗಳು ಬೇಲಿ ಹಾರಿ ಓಡಿದವು. ಗೆದ್ದೆ ಅನ್ನುವಷ್ಟರಲ್ಲಿ ಆರು ಹೆಣ್ಣುಕೋತಿಗಳು ಇಳಿದು ಬಂದು ಅವನ ಸುತ್ತ ಕೂತವು. ಒಂದು ಕೋತಿ ಅವನ ತಲೆಯಲ್ಲಿ ಹೇನು ಹುಡುಕತೊಡಗಿತು.

ಪಕ್ಕದ ಮನೆಯ ಆದಿಲಕ್ಷ್ಮಮ್ಮ ಬೇಲಿಯಾಚೆಯಿಂದ ಇಣುಕಿದರು. "ಏನ್ಲಾ ಕದಿರೇಶ, ಹೆಣ್ಣಿನ ಕಡೆಯೋರು ಆಗ್ಲೇ ಬಂದ್ಬಿಟ್ರಾ?"

"ತಮಾಷೆ ಸಾಕು ದೊಡ್ಡಮ್ಮ! ಎಷ್ಟು ಒರೆಸಿದ್ರೂ ಬಣ್ಣ ಬಿಡ್ತಿಲ್ಲ, ಏನಾದ್ರೂ ಮಾಡಿ!"

ಅವರು ಸೀಮೆಎಣ್ಣೆ ಹಾಕಿ ಪಾತ್ರೆ ಉಜ್ಜುವಂತೆ ಉಜ್ಜಿದರು. ಕೆಂಪು, ನೀಲಿ ಬೆರೆತು ಕೆನ್ನೆ ಬದನೆಕಾಯಿಯಾಯಿತು; ಮೂಗು ಮಾತ್ರ ಇನ್ನೂ ಕೆಂಪಗೆ ಹೊಳೆಯಿತು. ಅಷ್ಟರಲ್ಲಿ ಕಾರು ಬಂದು ನಿಂತಿತು. ಐದಕ್ಕೆ ರಾಹುಕಾಲವೆಂದು ಯಾರೋ ನೆನಪಿಸಿ, ಅವರು ಮೂರಕ್ಕೇ ಹೊರಟು ಬಂದಿದ್ದರು.

"ಇದೇನ್ ನಾಯ್ನಾ ವೇಷ?" ಅಂದರು ಕೋದಂಡರಾಮಪ್ಪ, ತಮ್ಮ ಕಡೆಯ ತೆಲುಗು ಬೆರೆಸಿ.

ಕದಿರೇಶ ತೊದಲುತ್ತಾ ಎಲ್ಲ ಹೇಳಿದ. ಬಿ.ಎಸ್ಸಿ. ಮಾಡಿದ್ದ ಮೌನಿಕಾ ಬಾಯಿಗೆ ಸೆರಗು ಒತ್ತಿಕೊಂಡಳು. "ಗಂಡು ಓಡುತ್ತೆ ಅನ್ನೋದು ಅರ್ಧ ಪಾಠ ಕಣ್ರೀ. ಕೆಂಪು ಜಾಸ್ತಿ ಇದ್ರೆ ಹೆಣ್ಣುಗಳು ಮೆಚ್ಚಿ ಹತ್ರ ಬರ್ತವೆ. ಉಳಿದರ್ಧ ಓದ್ಲಿಲ್ವಾ?"

ಕದಿರೇಶನ ಎದೆಯಲ್ಲಿ ಆಸೆ ಚಿಗುರಿತು. "ಹಾಗಾದ್ರೆ... ನಿಮಗೂ..."

"ನಾನೇನು ಕೋತೀನಾ?"

ಕೋದಂಡರಾಮಪ್ಪ ಮಾತ್ರ ನಗಲಿಲ್ಲ. ಕದಿರೇಶನ ಸುತ್ತ ಮತ್ತೆ ಬಂದು ಕೂತ ಕೋತಿಗಳನ್ನೂ, ಒಂದೂ ಕೋತಿಯಿಲ್ಲದ ಮರಗಳನ್ನೂ ಬಹಳ ಹೊತ್ತು ನೋಡಿದರು. ಕೊನೆಗೆ ತೊಡೆ ತಟ್ಟಿ ಹೇಳಿದರು: "ಈ ಹುಡುಗ ನಮಗೆ ಬೇಕೇ ಬೇಕು!"

ಆದಿಲಕ್ಷ್ಮಮ್ಮ ಸಕ್ಕರೆ ತರಲು ಒಳಗೆ ಓಡಿದರು.

"ನಮ್ಮ ಮಾವಿನ ತೋಟಕ್ಕೂ ಇದೇ ಕೋತಿ ಕಾಟ," ಅಂದರು ಕೋದಂಡರಾಮಪ್ಪ. "ಕಾಯಿ ಕೀಳೋವರೆಗೂ ಇವನನ್ನ ಕಳಿಸ್ಕೊಡಿ. ನಮ್ಮ ತೋಟದಿಂದ ದೂರ, ಗುಡ್ಡದ ಮೇಲೆ ಕೂರಿಸ್ತೀನಿ. ಕೋತಿಗಳೆಲ್ಲಾ ಅಲ್ಲಿಗೇ ಹೋಗ್ತವೆ."

"ಮತ್ತೆ... ಮದುವೆ?" ಅಂದ ಕದಿರೇಶ.

"ಅದಕ್ಕೆ ಬೇರೆ ಕಡೆ ನೋಡ್ತೀವಿ ಬಿಡಪ್ಪ."

ಅಂದು ಅಂಗಿಯ ಜೇಬಿನಲ್ಲಿ ಹುರಿದ ಕಡಲೆಕಾಯಿ ಇತ್ತೆಂದು ಕದಿರೇಶ ಆಮೇಲೆ ನನ್ನೊಬ್ಬನಿಗೇ ಹೇಳಿದ. ನಮ್ಮೂರ ಕೋತಿ ಮ್ಯಾಂಡ್ರಿಲ್ಲೂ ಅಲ್ಲ. ಅವು ಬಂದದ್ದು ಬಣ್ಣಕ್ಕೋ, ಕಡಲೆಕಾಯಿಗೋ, ನನಗೆ ಗೊತ್ತಿಲ್ಲ.