ಹೊರಡುವ ಮೊದಲೇ ತಲುಪುವ ಕೋಟು

ಹೆಂಡತಿ: ಆ ಟೇಪು ಕೆಳಗಿಡ್ರೀ! ಗೋಡೆಗೆ ಅಂಗಿ ಹೊಲೀತೀರಾ?

ದರ್ಜಿ: ನೀನೇ ನೋಡೇ. ನಾವು ಬಂದು ನೆಲೆಸಿರೋ ಈ ದ್ವೀಪದ ವಿಮಾನ ನಿಲ್ದಾಣ ಭೂಪಟದ ಈ ಬಲಗಡೆ ಅಂಚಲ್ಲಿ, ನಿನ್ನ ತಮ್ಮನದು ಆ ಎಡಗಡೆ ಅಂಚಲ್ಲಿ. ಮಧ್ಯೆ ಇಡೀ ಪ್ರಪಂಚ! ಮದುವೆ ಅಂತ ಅಷ್ಟು ದೂರ ಯಾರಾದ್ರೂ ಹೋಗ್ತಾರಾ?

ಹೊಲಿಗೆ ಅಂಗಡಿಯ ಗೋಡೆಯ ಭೂಪಟವನ್ನು ದರ್ಜಿ ಬೆಳಗಿನಿಂದ ಮತ್ತೆ ಮತ್ತೆ ಅಳೆಯುತ್ತಿದ್ದ. ಅವನು ಸ್ಟೂಲು ಹತ್ತಿದ್ದು ದೂರ ತಿಳಿಯುವುದಕ್ಕಲ್ಲ, ಹೋಗದಿರಲು ನೆಪ ಹುಡುಕುವುದಕ್ಕೆ. ಭಾಮೈದನ ಮದುವೆಗೆ ತಾನೇ ಹೊಲಿದು ತರುತ್ತೇನೆಂದು ಮಾತು ಕೊಟ್ಟಿದ್ದ ಕೋಟು ಮೇಜಿನಡಿಯ ಚೀಲದಲ್ಲಿ ಇನ್ನೂ ಒಂದೇ ತೋಳಿನದಾಗಿತ್ತು. ಹೆಂಡತಿಗೆ ಅದು ಗೊತ್ತಿಲ್ಲವೆಂದು ಅವನ ನಂಬಿಕೆ.

ಹೆಂಡತಿ: ತೋಳು ಹೇಗೆ ಹೊಲೀತೀರಿ?

ದರ್ಜಿ: ಎರಡಂಚು ಸೇರಿಸಿ.

ಅವಳು ಭೂಪಟವನ್ನು ಮೊಳೆಯಿಂದ ಕಿತ್ತು ಸುರುಳಿ ಮಾಡಿ ಅವನ ಮೂಗಿನ ಮುಂದೆ ಹಿಡಿದಳು. ಅಂಚುಗಳು ಕೂಡಿ ಎರಡು ನಿಲ್ದಾಣಗಳೂ ಅಕ್ಕಪಕ್ಕ ಬಂದವು.

ಹೆಂಡತಿ: ಭೂಮಿ ಗುಂಡಗಿದೆ. ವಿಮಾನ ಈ ಹೊಲಿಗೆ ದಾಟಿ ಹೋಗುತ್ತೆ.

ದರ್ಜಿ: ಒಂದು ಹೊಲಿಗೆ ದಾಟೋಕೆ ಹನ್ನೊಂದು ಗಂಟೆ ಹಾರಬೇಕಾ?

ಹೆಂಡತಿ: ಮಧ್ಯೆ ಸಮುದ್ರ ಇದೆ ರೀ, ಲೈನಿಂಗ್ ಬಟ್ಟೆ ಅಲ್ಲ.

ದರ್ಜಿ ಸ್ಟೂಲಿನಿಂದ ಇಳಿದು, ಮುಖ ಸಪ್ಪಗೆ ಮಾಡಿಕೊಂಡು ಕೊನೆಯ ನೆಪ ತೆಗೆದ.

ದರ್ಜಿ: ಆದ್ರೂ ಕಾಲ ಮಿಂಚಿಹೋಯ್ತಲ್ಲೇ. ಮದುವೆ ಶನಿವಾರ ನಾಲ್ಕಕ್ಕೆ. ಇವತ್ತೇ ಶನಿವಾರ. ನಮ್ಮ ವಿಮಾನ ಸಂಜೆ ಏಳಕ್ಕೆ. ಪಾಪ, ಫೋನಲ್ಲೇ ಹಾರೈಸೋಣ.

ಹೆಂಡತಿ: ಇಲ್ಲಿ ಸಂಜೆ ಏಳಕ್ಕೆ ಹತ್ತಿದ್ರೆ ಅಲ್ಲಿ ಇದೇ ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಳೀತೀವಿ.

ದರ್ಜಿ: ಹೊರಡೋಕೆ ಮುಂಚೇನೇ? ನನ್ನ ಕಿವಿಗೆ ಹೂವಿಡಬೇಡ!

ಹೆಂಡತಿ: ಅಲ್ಲಿ ಈಗಿನ್ನೂ ಶುಕ್ರವಾರ ರೀ. ನಮಗಿಂತ ಅವರ ಗಡಿಯಾರ ಇಪ್ಪತ್ತು ಗಂಟೆ ಹಿಂದೆ. ತಮ್ಮ ಈಗತಾನೆ ಫೋನ್ ಮಾಡಿದ್ದ. ಭಾವ ಹೊಲೀತಿರೋ ಕೋಟು ಎಲ್ಲಿಗೆ ಬಂತು ಅಂತ ಕೇಳ್ದ.

ದರ್ಜಿ: ಏನಂದೆ?

ಅವಳು ಕಾಲಿನಿಂದಲೇ ಮೇಜಿನಡಿಯ ಚೀಲವನ್ನು ಹೊರಗೆಳೆದಳು.

ಹೆಂಡತಿ: ಮೊಣಕೈವರೆಗೆ ಬಂದಿದೆ ಅಂದೆ. ಇನ್ನೊಂದು ತೋಳೆಲ್ಲಿ?

ದರ್ಜಿ: ಅದು... ಭೂಪಟ ಅಳೀತಾ ಇದ್ನಲ್ಲ.

ಹೆಂಡತಿ: ಅಂಗಡಿ ಇಟ್ಟಾಗಿಂದ ಒಬ್ಬರ ಬಟ್ಟೆನಾದ್ರೂ ಹೇಳಿದ ದಿನ ಕೊಟ್ಟಿದ್ದೀರಾ? ಹೊರಡೋ ಹೊತ್ತಿಗಿಂತ ಮುಂಚೇನೇ ತಲುಪಿಸೋ ವಿಮಾನ ನಿಮಗಂತಲೇ ಮಾಡಿಟ್ಟಿದ್ದಾರೆ. ಕೂತ್ಕೊಳ್ಳಿ!

ದರ್ಜಿ ಕೂತ. ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಅವನ ಮುಖ ಅರಳಿತು.

ದರ್ಜಿ: ಅಲ್ವೇ, ಸಂಜೆ ಹೊರಟ್ರೆ ಬೆಳಿಗ್ಗೆ ತಲುಪೋದಾದ್ರೆ, ನಾಳೆ ಹೊರಟ್ರೆ ಇನ್ನೂ ಬೇಗ ತಲುಪಬಹುದೇನೋ?

ಅವಳು ಹೊರಗೆ ಹೋಗಿ ಷಟರ್ ಅರ್ಧಕ್ಕೆ ಎಳೆದು, ಬಗ್ಗಿ ನೋಡಿದಳು.

ಹೆಂಡತಿ: ನಾಲ್ಕಕ್ಕೆ ಬರ್ತೀನಿ. ಕೋಟು ರೆಡಿ ಇರ್ಬೇಕು.

ಎಷ್ಟೋ ವರ್ಷಗಳ ರೂಢಿ. ತಲೆ ಎತ್ತದೆಯೇ ಅವನ ಬಾಯಿಂದ ಉತ್ತರ ಬಂದುಬಿಟ್ಟಿತು.

ದರ್ಜಿ: ನಾಳೆ ಬನ್ನಿ ಅಮ್ಮಾ.