ಗೇಟಿನ ಈಚೆ ನಿಂತ ಅಕ್ಕನಿಂದ ಮಾನ್ಯ ರೈಲ್ವೆ ಸಚಿವರಿಗೆ

ಮಾನ್ಯರೇ,

ಮೀನುಗಾರಿಕೆ, ಕ್ರೀಡೆ, ಹವಾಮಾನ ಇಲಾಖೆಗಳನ್ನು ಒಂದೊಂದಾಗಿ ಬೆಳಗಿ, ಈಗ ರೈಲ್ವೆ ಖಾತೆಯ ಕುರ್ಚಿಯಲ್ಲಿ ವಿರಾಜಮಾನರಾಗಿರುವ ತಮ್ಮ ಸನ್ನಿಧಿಗೆ, ತಮ್ಮದೇ ಊರಿನ ರೈಲ್ವೆ ಗೇಟಿನ ಪಕ್ಕ ಬಟ್ಟೆ ಹೊಲಿದುಕೊಂಡಿರುವ ಈ ಬಡಪಾಯಿಯ ಅನಂತ ನಮಸ್ಕಾರಗಳು. ನಾನು ತಮ್ಮ ಒಡಹುಟ್ಟಿದ ಅಕ್ಕ ಎಂದು ಹೇಳಿಕೊಂಡು ಸಲುಗೆ ತೋರಿಸುವ ಉದ್ದೇಶ ನನಗಿಲ್ಲ. ಫೋನು ಮಾಡಿದಾಗಲೆಲ್ಲ ತಮ್ಮ ಆಪ್ತ ಕಾರ್ಯದರ್ಶಿಗಳು, "ಯಾವ ಅಕ್ಕ? ಏನಿದ್ರೂ ಬರೆದು ಕಳಿಸಿ ಅಮ್ಮಾ" ಎಂದು ಬಲು ವಿನಯದಿಂದ ಹೇಳುವುದರಿಂದ ಬರೆದೇ ಕಳಿಸುತ್ತಿದ್ದೇನೆ. ಬರೆದದ್ದು ತಮ್ಮ ಮೇಜಿನವರೆಗೆ ಬರುತ್ತದೋ ಇಲ್ಲವೋ ಎಂಬ ಅನುಮಾನದಿಂದ ಪತ್ರಿಕೆಯವರಿಗೂ ಒಂದು ಪ್ರತಿ ಕೊಡುತ್ತಿದ್ದೇನೆ.

ತಮ್ಮನ್ನು ರಾಜಕೀಯದಲ್ಲಿ ಮೇಲೆತ್ತಿದ್ದು ನಮ್ಮ ಗೇಟು ಎಂಬುದನ್ನು ಮುಂದೆ ತಮ್ಮ ಜೀವನಚರಿತ್ರೆ ಬರೆಯುವವರು ಮರೆಯಬಾರದು. ಬೇರೆ ಅಭ್ಯರ್ಥಿಗಳು ಮೈದಾನದಲ್ಲಿ ಶಾಮಿಯಾನ ಹಾಕಿ, ಲಾರಿಯಲ್ಲಿ ಜನ ತುಂಬಿ ತಂದು, ಊಟ ಕೊಟ್ಟು ಕೂರಿಸುತ್ತಿದ್ದ ಕಾಲದಲ್ಲಿ ತಾವು ನನ್ನ ಅಂಗಡಿಯ ಸ್ಟೂಲು ಎತ್ತಿಕೊಂಡು ಹೋಗಿ, ಮುಚ್ಚಿದ ಗೇಟಿನ ಮುಂದಿಟ್ಟು, ಅದರ ಮೇಲೆ ನಿಂತುಬಿಟ್ಟಿರಿ. ಬಸ್ಸಿನವರು, ಸ್ಕೂಟರಿನವರು, ತರಕಾರಿ ಗಾಡಿಯವರು, ಯಾರೂ ಮುಂದೆ ಹೋಗುವಂತಿಲ್ಲ, ಹಿಂದೆ ತಿರುಗುವಂತಿಲ್ಲ. ಗೂಡ್ಸ್ ರೈಲಿನ ಕೊನೆಯ ಡಬ್ಬಿ ದಾಟುವವರೆಗೆ ತಮ್ಮ ಭಾಷಣ ಕೇಳದೆ ಗತಿಯಿಲ್ಲ. "ಇಲ್ಲೊಂದು ಸೇತುವೆ ಕಟ್ಟಿಸದಿದ್ರೆ ನಾನು ಈ ಅಕ್ಕನ ತಮ್ಮನೇ ಅಲ್ಲ!" ಎಂದು ತಾವು ನನ್ನ ಕಡೆ ಬೆರಳು ತೋರಿಸಿ ಗುಡುಗಿದಾಗ ನಾನು ಹೊಲಿಗೆ ಮಿಷನ್ನಿನ ಮುಂದೆ ಕೂತು ಕಣ್ಣೊರೆಸಿಕೊಂಡೆ. ಆ ಸಲ ಗೆದ್ದಿರಿ. ಸೇತುವೆ ಇನ್ನೂ ಬಾರದ ಕಾರಣ, ತಮ್ಮ ಕಾರ್ಯದರ್ಶಿಗಳು "ಯಾವ ಅಕ್ಕ?" ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲವೆಂದು ನಿಮ್ಮ ಭಾವ ಹೇಳುತ್ತಾರೆ.

ತಾವು ವಿರೋಧ ಪಕ್ಷದ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಆ ದಿನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಧಿವೇಶನ ಶುರುವಾಯಿತೆಂದರೆ ತಮ್ಮ ಪ್ರಶ್ನೆ ನಮ್ಮ ಗೇಟಿನದೇ. ತಾವು ಅಲ್ಲಿ ಎದ್ದು ನಿಂತು ಕೇಳಿದರೆ ಸಾಕು, ಇಲ್ಲಿ ಜೀಪು ತುಂಬ ಇಂಜಿನಿಯರುಗಳು ಬಂದಿಳಿಯುತ್ತಿದ್ದರು. ಟೇಪು ಹಿಡಿದು ರಸ್ತೆ ಅಳೆದರು, ನನ್ನ ಅಂಗಡಿಯ ಗೋಡೆಗೆ ಕೆಂಪು ಬಣ್ಣದ ಗುರುತು ಬಳಿದರು, ಮಣ್ಣು ಪರೀಕ್ಷೆಗೆಂದು ಗುಂಡಿಯನ್ನೂ ತೋಡಿದರು. ಇನ್ನೊಂದೆರಡು ಪ್ರಶ್ನೆ ಕೇಳಿದ್ದರೆ ಆ ಗುಂಡಿಯಿಂದ ಕಂಬವೇ ಎದ್ದುಬಿಡುತ್ತಿತ್ತು.

ಅಷ್ಟರಲ್ಲಿ ತಮ್ಮ ಪಕ್ಷ ಗೆದ್ದಿತು, ತಾವು ಸಚಿವರಾದಿರಿ, ನಾನು ಬೀದಿಯ ಮನೆಮನೆಗೂ ಸಿಹಿ ಹಂಚಿದೆ. ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವಂತಿಲ್ಲ, ಉತ್ತರ ಮಾತ್ರ ಕೊಡಬೇಕು ಎಂಬ ವಿಷಯ ಸಿಹಿ ತಿಂದವರಿಗಾಗಲಿ ತಿನ್ನಿಸಿದವಳಿಗಾಗಲಿ ಗೊತ್ತಿರಲಿಲ್ಲ. ಮೀನುಗಾರಿಕೆ ನೋಡಿಕೊಳ್ಳುತ್ತಿದ್ದಾಗ ತಾವು ಸಮುದ್ರವಿಲ್ಲದ ನಮ್ಮೂರಿಗೆ ಬಲೆಗಳನ್ನು ಕಳಿಸಿಕೊಟ್ಟಿರಿ. ಸೌತೆ ಬಳ್ಳಿ ಹಬ್ಬಿಸಲು ಅವು ಚೆನ್ನಾಗಿವೆ. ಕೊನೆಗೆ ರೈಲ್ವೆಯೇ ತಮ್ಮ ಕೈಗೆ ಬಂದಾಗ, ಇನ್ನೇನು ನಮ್ಮ ಕಷ್ಟ ಕಳೆಯಿತೆಂದು ಹಿಗ್ಗಿ, ನಾನೇ ರೈಲ್ವೆ ಕಚೇರಿಗೆ ಹೋಗಿ ವಿಚಾರಿಸಿದೆ. ಅಲ್ಲಿನ ಸಾಹೇಬರು ಕುರ್ಚಿ ಹಾಕಿ, ಕುಡಿಯಲು ನೀರು ಕೊಟ್ಟು, "ಫೈಲು ಇಲ್ಲೇ ಇದೆ ಅಮ್ಮಾ. ನಿಮ್ಮ ಸಂಸದರು ಸದನದಲ್ಲಿ ಒಂದು ಪ್ರಶ್ನೆ ಹಾಕಲಿ, ನಾಳೆನೇ ಎತ್ಕೋತೀವಿ. ಕಷ್ಟ ಏನಂದ್ರೆ, ಅವರೀಗ ಹಾಕೋ ಹಾಗಿಲ್ಲ, ನಮ್ಮ ಸಚಿವರು ಅವರೇ ಅಲ್ವಾ" ಎಂದರು. ಪಾಪ, ಅವರ ಮುಖದಲ್ಲಿ ನನಗಿಂತ ಹೆಚ್ಚು ದುಃಖವಿತ್ತು.

ಈಗ ಅವಸರವೇನೆಂದು ತಾವು ಕೇಳಬಹುದು. ತಮ್ಮ ಅಳಿಯನ ಹೆಂಡತಿಗೆ, ಅಂದರೆ ನನ್ನ ಸೊಸೆಗೆ, ದಿನ ತುಂಬಿದೆ. ಆಸ್ಪತ್ರೆ ಇರುವುದು ಹಳಿಯ ಆಚೆ. ನೋವು ಕಾಣಿಸಿಕೊಂಡ ಕೂಡಲೇ ಹೊರಟು ಬನ್ನಿ, ತಡ ಮಾಡಿದರೆ ಕಷ್ಟ ಎಂದು ಡಾಕ್ಟರಮ್ಮ ಎಚ್ಚರಿಸಿದ್ದಾರೆ. ಗೇಟು ಮುಚ್ಚುವ ಗಂಟೆ ಬಾರಿಸಿದಾಗಲೆಲ್ಲ ನನ್ನ ಕಾಲು ಮಿಷನ್ನಿನ ಪೆಡಲ್ಲಿನ ಮೇಲೆ ತಾನಾಗಿ ನಿಂತುಹೋಗುತ್ತದೆ. ತಮಾಷೆಯಲ್ಲ, ನನಗೆ ಭಯವಾಗಿದೆ. ಈ ಕೂಸು ಹುಟ್ಟಿದರೆ ತಾವು ಅಜ್ಜನ ಸ್ಥಾನಕ್ಕೆ ಬಡ್ತಿ ಪಡೆಯುತ್ತೀರಿ. ಪ್ರಧಾನಿಗಳು ಸಿಟ್ಟಾದರೂ ಕಿತ್ತುಕೊಳ್ಳಲಾಗದ ಖಾತೆ ಅದೊಂದೇ.

ಆದ್ದರಿಂದ ಮಾನ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರಶ್ನೋತ್ತರದ ಹೊತ್ತಿನಲ್ಲಿ ತಾವು ಹಿಂದಿನ ಬೆಂಚಿಗೆ ಹೋಗಿ ನಿಂತು ಹಿಂದಿನಂತೆಯೇ ಗುಡುಗಿ ನಮ್ಮ ಗೇಟಿನ ಪ್ರಶ್ನೆ ಕೇಳಬೇಕು. ಕೇಳಿದವರೇ ಓಡಿ ಬಂದು ಸಚಿವರ ಜಾಗದಲ್ಲಿ ನಿಂತು, ಬೆವರೊರೆಸಿಕೊಂಡು, ಉತ್ತರಿಸಬೇಕು. ಕ್ರೀಡಾ ಸಚಿವರಾಗಿದ್ದವರಿಗೆ ಅಷ್ಟು ಓಟ ಕಷ್ಟವಾಗದು. ಸಭಾಧ್ಯಕ್ಷರು ಒಪ್ಪದಿದ್ದರೆ, ಸ್ವಲ್ಪ ಕಾಲ ಖಾತೆ ಬಿಟ್ಟು ವಿರೋಧ ಪಕ್ಷಕ್ಕೆ ಎರವಲು ಹೋಗಬೇಕು. ಅದೂ ಆಗದೆಂದರೆ, ಮುಂದಿನ ಚುನಾವಣೆಯಲ್ಲಿ ತಮ್ಮನ್ನು ಮಾತ್ರ ಗೆಲ್ಲಿಸಿ ತಮ್ಮ ಪಕ್ಷವನ್ನು ಸೋಲಿಸುವ ಉಪಾಯವನ್ನಾದರೂ ತಿಳಿಸಿಕೊಡಬೇಕು. ನಮ್ಮ ಬೀದಿಯವರೆಲ್ಲ ತಮ್ಮ ಮೇಲಿನ ಪ್ರೀತಿಯಿಂದ ಅದಕ್ಕೂ ದುಡಿಯಲು ತಯಾರಿದ್ದಾರೆ.

ಹೆಚ್ಚು ಬರೆದು ದೇಶದ ಸಮಯ ಹಾಳುಮಾಡಲಾರೆ. ಹೊತ್ತು ಹೊತ್ತಿಗೆ ಊಟ ಮಾಡಿ. ಟೀವಿಯಲ್ಲಿ ನೋಡಿದೆ, ಕೋಟಿನ ಭುಜ ಜೋತಾಡುತ್ತಿದೆ.

ತಮ್ಮ ವಿಶ್ವಾಸಿ,
ಕಡತಗಳ ಪ್ರಕಾರ ಒಬ್ಬ ಮತದಾರಳು, ಹುಟ್ಟಿನ ಪ್ರಕಾರ ತಮ್ಮ ಅಕ್ಕ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಸೊಸೆಗೆ ನೋವು ಬಂತು. ಟ್ಯಾಕ್ಸಿ ಹತ್ತಿಸಿ ಹೊರಟೆವು, ಗೇಟು ಹಾಕಿತ್ತು. ಸಚಿವರು ತಪಾಸಣೆಗೆ ಬರುತ್ತಿರುವ ವಿಶೇಷ ರೈಲಂತೆ, ಅದು ದಾಟುವವರೆಗೆ ಯಾರೇ ಬಂದರೂ ತೆಗೆಯಬಾರದೆಂದು ಮೇಲಿನ ಆದೇಶವಂತೆ. ಗೇಟಿನವನ ಗೂಡಿನಲ್ಲಿ, ಅವನ ಹೆಂಡತಿ ಬಿಸಿನೀರು ಕಾಯಿಸಿ ಕೊಟ್ಟಳು, ನಾನೇ ಹೆರಿಗೆ ಮಾಡಿಸಿದೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಅದನ್ನೆತ್ತಿಕೊಂಡು ಬಾಗಿಲಿಗೆ ಬಂದಾಗ ತಮ್ಮ ರೈಲು ಹಾದುಹೋಯಿತು, ತಾವು ಕಿಟಕಿಯಿಂದ ನಗುತ್ತ ಕೈ ಬೀಸಿದಿರಿ. ನನ್ನ ಎರಡು ಕೈಯಲ್ಲೂ ತಮ್ಮ ಮೊಮ್ಮಗಳಿದ್ದುದರಿಂದ ತಿರುಗಿ ಬೀಸಲಾಗಲಿಲ್ಲ, ಮನ್ನಿಸಬೇಕು.