ಪರದೆ ನುಂಗಿದ ಫ್ಯಾನಿನವರಿಗೆ, ಮೇಲಿನ ಕೋಣೆಯ ಕಿಟಕಿಯ ವಿಷಯವಾಗಿ

ಮಾನ್ಯರೇ,

ನಮ್ಮ ಮೇಲಿನ ಮಲಗುವ ಕೋಣೆಯ ಸೂರಿನಲ್ಲಿ ವಿರಾಜಮಾನರಾಗಿರುವ ಸೀಲಿಂಗ್ ಫ್ಯಾನಿನವರಾದ ತಮಗೆ, ತಮ್ಮ ಕೆಳಗಿನ ಕೋಣೆಯಲ್ಲಿ ವಾಸವಾಗಿರುವ ಈ ಮುದುಕನ ತಲೆ ತಗ್ಗಿಸಿದ ನಮಸ್ಕಾರಗಳು. ನಾವೆಲ್ಲ ಒಂದು ರೀತಿಯಲ್ಲಿ ಕ್ಷೇಮ. ತಾವೂ ತಮ್ಮ ಪರಿವಾರವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಮೂವರು ರೆಕ್ಕೆಗಳಾದ ಹಿರಿಯಣ್ಣ, ನಡುವಣ್ಣ ಮತ್ತು ಸೊಟ್ಟಣ್ಣ ಹೇಗಿದ್ದಾರೆ? ಈ ಹೆಸರುಗಳನ್ನು ಇಟ್ಟವಳು ನನ್ನ ಮನೆಯಾಕೆ. ಧೂಳು ಒರೆಸುವವರಿಗೆ ನಾಮಕರಣದ ಹಕ್ಕೂ ಇದೆಯೆಂಬುದು ಅವಳ ವಾದ. ಸೊಟ್ಟಣ್ಣನ ಸೊಂಟದ ಕಟಕಟ ಈಗ ಹೇಗಿದೆ? ಗೋಡೆಯ ಮೇಲಿರುವ ತಮ್ಮ ಭಾವಮೈದುನ ರೆಗ್ಯುಲೇಟರ್ ಅವರಿಗೆ ಒಂದರಿಂದ ಐದರವರೆಗೆ ಎಣಿಸಲು ಬಂದಿತೇ, ಅಥವಾ ಈಗಲೂ ಸೊನ್ನೆಯನ್ನು ಬಿಟ್ಟರೆ ಐದು ಮಾತ್ರ ಗೊತ್ತೇ? ಎಲ್ಲರನ್ನೂ ಕೇಳಿದೆನೆಂದು ಹೇಳಬೇಕು.

ಈ ಪತ್ರವನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಬೇಸರ ಬೇಡ. ಗುಟ್ಟಾಗಿ ತಮಗೇ ಕೊಡೋಣವೆಂದರೆ, ತಮ್ಮ ಹತ್ತಿರ ಹೋದ ಕಾಗದವಾಗಲಿ ಬಟ್ಟೆಯಾಗಲಿ ಇಡಿಯಾಗಿ ಹಿಂತಿರುಗಿದ್ದು ಈ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಭಾಷೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಏನನ್ನಾದರೂ ಹೊಟ್ಟೆಗೆ ಹಾಕಿಕೊಳ್ಳುವ ತಮ್ಮ ಸಾಮರ್ಥ್ಯದ ಬಗ್ಗೆ ನನಗೆ ಸಂಶಯವಿಲ್ಲ. ನಾನು ಶಾಲೆಯ ಮೆಟ್ಟಿಲನ್ನಾಗಲಿ ಬೇರೆ ಯಾವ ಮೆಟ್ಟಿಲನ್ನಾಗಲಿ ಹೆಚ್ಚು ಹತ್ತಿದವನಲ್ಲ. ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತ, ಹತ್ತುವವರು ಇಳಿಯುವವರು ಬಿಟ್ಟುಹೋದ ಪತ್ರಿಕೆಗಳಲ್ಲಿ ಅಕ್ಷರ ಕಲಿತವನು. ಪ್ರತಿ ಅಂತಸ್ತಿನಲ್ಲೂ ಜಾಲರಿ ಬಾಗಿಲನ್ನು ಎಳೆದು, ಹೊರಗೆ ಇಣುಕಿ, ಯಾರೂ ಇಲ್ಲವೆಂದರೆ ಮತ್ತೆ ಎಳೆದು ಮುಚ್ಚುವುದು ನನ್ನ ಕಸುಬಾಗಿತ್ತು. ತಲೆಗೆ ತಾಗುವ ಸೂರಿನ ಕೆಳಗೆ ಆಯುಷ್ಯ ಕಳೆದವನಿಗೆ ನಿವೃತ್ತಿಯ ನಂತರ ಮತ್ತೊಂದು ಅಂಥದ್ದೇ ಸೂರಿನ ವ್ಯಾಜ್ಯ ಗಂಟು ಬಿತ್ತೆಂದರೆ, ಅದು ಹಣೆಬರಹ. ತಾವಾದರೂ ಏನು ಮಾಡುತ್ತೀರಿ, ಅದೂ ತಿರುಗುವಂಥದ್ದೇ.

ಆ ಕೋಣೆ ಮೊದಲು ಸಾಮಾನು ತುಂಬುವ ಅಟ್ಟವಾಗಿತ್ತೆಂಬುದು ತಮಗೆ ತಿಳಿದ ವಿಷಯ. ಬಾಗಿಲ ಕಡೆ ಒಬ್ಬ ಮನುಷ್ಯ ನೆಟ್ಟಗೆ ನಿಲ್ಲಬಹುದು. ಅಲ್ಲಿಂದ ಸೂರು ಇಳಿಯುತ್ತ ಇಳಿಯುತ್ತ ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಎಂಥ ಅಹಂಕಾರಿಯೂ ವಿನಯವಂತನಾಗುತ್ತಾನೆ. ಕಿಟಕಿಯೋ, ಕೋಣೆಗೆ ಮೀರಿದ ಕಿಟಕಿ, ಗುಬ್ಬಿಗೆ ಕಟ್ಟಿದ ಆನೆಯ ಕಿವಿಯಂತೆ. ಅದರ ನೆತ್ತಿ ಸೂರಿಗೆ ಅಂಟಿಕೊಂಡಿದೆ, ಮುಖ ಪೂರ್ವಕ್ಕಿದೆ, ಮತ್ತು ಅದಕ್ಕೆ ಒಂದು ಮೊಳದ ದೂರದಲ್ಲಿ ತಾವಿದ್ದೀರಿ. ತಮ್ಮ ಕೆಳಗೆ ನಿಂತು ಯಾರೂ ಅಂಗಿ ಹಾಕಿಕೊಳ್ಳುವುದಿಲ್ಲ. ಕುಳಿತೇ ತೋಳು ತೂರಿಸಬೇಕು. ನನ್ನ ಮಗ ಗ್ಯಾರೇಜಿನಲ್ಲಿ ಎಂಥೆಂಥ ಎಂಜಿನ್ನುಗಳಿಗೂ ಹೆದರದವನು, ತಮ್ಮೆದುರು ಮೈ ಮುರಿಯಲೂ ಹೆದರಿ ಹೊರಗೆ ಬಂದು ಆಕಳಿಸುತ್ತಾನೆ. ಕೋಣೆಯಲ್ಲಿ ಶಿಸ್ತು ತಂದ ತಮ್ಮ ಈ ಉಪಕಾರವನ್ನು ಮೊದಲಿಗೇ ಸ್ಮರಿಸಿ, ಈಗ ವಿಷಯಕ್ಕೆ ಬರುತ್ತೇನೆ.

ವಿಷಯ ನಮ್ಮ ಸೊಸೆಯದು. ಅವಳು ಆಸ್ಪತ್ರೆಯಲ್ಲಿ ನರ್ಸು, ಯಾವಾಗಲೂ ರಾತ್ರಿ ಪಾಳಿ. ಊರು ಎದ್ದು ಹಲ್ಲುಜ್ಜುವ ಹೊತ್ತಿಗೆ ಮನೆಗೆ ಬಂದು, ತಮ್ಮ ಕೆಳಗಿನ ಮಂಚದಲ್ಲಿ ಮಲಗುತ್ತಾಳೆ. ಅದೇ ಹೊತ್ತಿಗೆ ಆ ಕಿಟಕಿಯಿಂದ ಸೂರ್ಯನೂ ನೇರವಾಗಿ ಒಳಗೆ ಬಂದು ಅದೇ ದಿಂಬಿನ ಮೇಲೆ ಮಲಗುತ್ತಾನೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ತುಂಬಾ ಒಳ್ಳೆಯ ಹುಡುಗಿ, ಅದೇ ತೊಂದರೆ. ಏನು ಕೇಳಿದರೂ "ಪರವಾಗಿಲ್ಲ ಮಾವ" ಎನ್ನುತ್ತಾಳೆ. ನಿದ್ದೆ ಬಂತೇ? ಪರವಾಗಿಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೇ? ಪರವಾಗಿಲ್ಲ. ಮನೆಯವರು ಹಾಗೆ ಮಾತಾಡುವುದಿಲ್ಲ. ಹಾಗೆ ಮಾತಾಡುವವರು ನೆಂಟರು. ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟುತ್ತ ಬಂತು, ಕೊನೆಗೊಂದು ದಿನ ಅತ್ತೆಯ ಹತ್ತಿರ ಮೆಲ್ಲಗೆ ಹೇಳಿದಳಂತೆ, ಆಸ್ಪತ್ರೆಯ ವಸತಿಯಲ್ಲಿ ಒಂದು ಮಂಚ ಖಾಲಿಯಿದೆ, ಕೆಲಸದ ದಿನಗಳಲ್ಲಿ ಅಲ್ಲೇ ಇರಬಹುದೇನೋ ಎಂದು. ಕೆಲಸದ ದಿನಗಳು ಎಂದರೆ ಏನೆಂದು ನನಗೆ ಗೊತ್ತು ಸ್ವಾಮಿ. ಮೊದಲು ಹಲ್ಲುಜ್ಜುವ ಬ್ರಷ್ಷು ಹೋಗುತ್ತದೆ, ಆಮೇಲೆ ಮನುಷ್ಯರು ಹೋಗುತ್ತಾರೆ, ಆಮೇಲೆ ರಜೆಯ ದಿನ ನೋಡಿಕೊಂಡು ಹೋಗಲು ಬರುತ್ತಾರೆ. ಮಂಚದ ಕೆಳಗೆ ಅರ್ಧ ತುಂಬಿದ ಒಂದು ಚೀಲವೂ ಆಗಲೇ ಕುಳಿತಿತ್ತು. ಅದನ್ನು ಖಾಲಿ ಮಾಡಿಸಲು ನಮಗೆ ಬೇಕಾಗಿದ್ದು ಒಂದು ಪರದೆ, ಅಷ್ಟೇ.

ಪರದೆ ಅಂಗಡಿಯ ಅಮ್ಮಾವ್ರು ಬಹಳ ತಿಳಿದವರು. ಸೂರು ತಗ್ಗಾಗಿದ್ದರೆ ಕಂಬಿಯನ್ನು ಸೂರಿಗೇ ತಾಗಿಸಿ ಹೊಡೆಯಿರಿ, ಪರದೆ ನೆಲ ಮುಟ್ಟುವಷ್ಟು ಉದ್ದವಿರಲಿ, ಉದ್ದುದ್ದ ಪಟ್ಟೆಯಿರಲಿ, ಆಗ ಕಣ್ಣು ಮೋಸಹೋಗಿ ಕೋಣೆ ಎತ್ತರ ಕಾಣುತ್ತದೆ ಎಂದರು. ನೀಲಿ ಪಟ್ಟೆಯ ಬಟ್ಟೆಯನ್ನೇ ಆರಿಸಿದೆವು. ಅಮ್ಮಾವ್ರ ಮಾತು ಸುಳ್ಳಾಗಲಿಲ್ಲ. ಕೋಣೆ ಎತ್ತರ ಕಂಡಿತು, ನಮ್ಮೆಲ್ಲರ ಕಣ್ಣೂ ಮೋಸಹೋಯಿತು. ಆದರೆ ತಮಗೆ ಕಣ್ಣಿಲ್ಲವೆಂಬುದನ್ನು ಅವರಿಗೆ ಹೇಳಲು ನಾವು ಮರೆತಿದ್ದೆವು. ಮಾರನೇ ಬೆಳಿಗ್ಗೆ ಕಿಟಕಿಯಿಂದ ಒಂದು ಸಣ್ಣ ಗಾಳಿ ಬೀಸಿತು, ಪರದೆಯ ಅಂಚು ತುಸು ಎದ್ದಿತು, ಹಿರಿಯಣ್ಣನವರು ಅದನ್ನು ಕೈಹಿಡಿದು ಬರಮಾಡಿಕೊಂಡರು. ನಾವು ಓಡಿಹೋಗಿ ನೋಡುವಾಗ ತಾವು ನೀಲಿ ಮುಂಡಾಸು ಸುತ್ತಿಕೊಂಡು ಹೊಗೆ ಬಿಡುತ್ತ ಕುಳಿತಿದ್ದಿರಿ, ಕಂಬಿ ಒಂದು ತುದಿ ಕಿತ್ತುಕೊಂಡು ಈಟಿಯಂತೆ ನೇತಾಡುತ್ತಿತ್ತು, ಸೊಸೆ ಹಾಸಿಗೆಯಲ್ಲಿ ಎದ್ದು ಕೂತು "ಪರವಾಗಿಲ್ಲ ಮಾವ, ಗಾಳಿ ಚೆನ್ನಾಗಿತ್ತು" ಎಂದಳು.

ಆಮೇಲೆ ಗಿಡ್ಡ ಪರದೆಯನ್ನು ಕಿಟಕಿಯ ನಡುಮಟ್ಟಕ್ಕೆ ಹಾಕಿದೆವು, ತಮ್ಮ ಬಾಯಿಗೆ ಎಟುಕದ ಹಾಗೆ. ಅದು ದಾರಿಹೋಕರ ಕಣ್ಣನ್ನು ತಡೆಯಿತು, ಸೂರ್ಯನನ್ನು ತಡೆಯಲಿಲ್ಲ. ಅವನು ದಾರಿಹೋಕರಿಗಿಂತ ಸ್ವಲ್ಪ ಎತ್ತರದವನು. ಮಂಚವನ್ನು ತಿರುಗಿಸೋಣವೆಂದರೆ, ತಿರುಗಿಸಿದ ಮಂಚದಿಂದ ಎದ್ದವರ ನೆತ್ತಿ ಸೂರಿಗೆ ಬಡಿಯುತ್ತದೆ. ಆ ಪ್ರಯೋಗವನ್ನು ಮಗ ಒಂದೇ ಸಲ ಮಾಡಿ ನಿಲ್ಲಿಸಿದ. ಮೂರನೆಯದಾಗಿ ಸುರುಳಿ ಪರದೆ ಬಂತು, ಎಳೆದರೆ ಇಳಿಯುವ, ಬಿಟ್ಟರೆ ಏರುವ ಜಾತಿಯದು. ಅದು ಬಿಡದಿದ್ದರೂ ಏರಿತು. ಪಟಾರೆಂದು ಅದು ಮೇಲೆ ಹಾರಿದ ಸದ್ದಿಗೆ ಬೆಚ್ಚಿದ ಸೊಸೆ ಅರೆನಿದ್ದೆಯಲ್ಲೇ ಕೆಳಗಿಳಿದು ಬಂದು, ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯ ಕೈಹಿಡಿದು ನಾಡಿ ನೋಡಿ, "ಸರಿಯಾಗಿದೆ, ಮಲಗಿ" ಎಂದು ಹೇಳಿ ಮತ್ತೆ ಮೇಲೆ ಹೋದಳು. ಮನೆಯಾಕೆ ಮಾತು ಮೀರಬಾರದೆಂದು ಸ್ವಲ್ಪ ಹೊತ್ತು ಮಲಗಿಯೂ ಇದ್ದಳು.

ಹಾಗಾದರೆ ತಮಗೇ ವಿಶ್ರಾಂತಿ ಕೊಡೋಣವೆಂದು ಯೋಚಿಸಲಿಲ್ಲವೇ ಎಂದರೆ, ಯೋಚಿಸಿದೆವು. ತಾವು ನಿಂತರೆ ಆ ಕೋಣೆಯಲ್ಲಿ ಹಪ್ಪಳ ಸುಡಬಹುದು. ಮೇಜಿನ ಫ್ಯಾನೊಂದನ್ನು ಎರವಲು ತಂದು, ಬೇರೆ ಜಾಗವಿಲ್ಲದೆ ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದೆವು. ಅವರ ಗಾಳಿ ಮಂಚದವರೆಗೆ ಹೋಗಲಿಲ್ಲ, ಹೋಗಲೆಂದು ತಮ್ಮನ್ನೂ ತಿರುಗಲು ಬಿಟ್ಟೆವು. ಅವರು ಅಲ್ಲೇ ಉಳಿದಿದ್ದ ಗಿಡ್ಡ ಪರದೆಯನ್ನು ಕೆಳಗಿನಿಂದ ಊದಿ ಊದಿ ಎಬ್ಬಿಸಿ ನೇರವಾಗಿ ತಮ್ಮ ಬಾಯಿಗೆ ಉಣಿಸಿದರು. ಕುಲಬಾಂಧವ್ಯ ಎಂದರೆ ಇದು. ನಮ್ಮ ಕುಲದಲ್ಲಿ ಒಬ್ಬರಿಗೊಬ್ಬರು ಇಷ್ಟು ಆಗಿಬರುವುದನ್ನು ನಾನು ಕಂಡಿಲ್ಲ.

ಇಷ್ಟೂ ದಿನ ನಾನು ಸುಮ್ಮನೆ ಕೂತಿರಲಿಲ್ಲವೆಂಬುದಕ್ಕೆ ತಾವೇ ಸಾಕ್ಷಿ. ಪ್ರತಿಯೊಂದು ಪರದೆಯ ಕೆಲಸವನ್ನೂ ಖುದ್ದಾಗಿ ಪರಿಶೀಲಿಸಿದ್ದೇನೆ. ಬೂಟು ಚಪ್ಪಲಿ ಕಳಚಿ, ಬೆಕ್ಕಿನಂತೆ ಮೆಟ್ಟಿಲು ಹತ್ತಿ, ಬಾಗಿಲನ್ನು ತುಸುವೇ ತೆರೆದು, ಎಲ್ಲಿಂದ ಬೆಳಕು ಸೋರುತ್ತಿದೆ ಎಂದು ನೋಡಿ, ಮುಚ್ಚಿ, ಇಳಿದು, ಮತ್ತೆ ಸಂಶಯ ಬಂದು ಹತ್ತಿ ನೋಡುತ್ತಿದ್ದೆ. ಈ ವಯಸ್ಸಿನಲ್ಲಿ ಇಷ್ಟು ಕಾಳಜಿ ಯಾವ ಮಾವ ಮಾಡುತ್ತಾನೆ ಎಂದು ನನಗೇ ನನ್ನ ಮೇಲೆ ಅಭಿಮಾನ.

ಕೊನೆಗೆ ತಮ್ಮ ಸೊಕ್ಕು ಮುರಿದವಳು ನನ್ನ ಮನೆಯಾಕೆ. ಹರಿದ ನೀಲಿ ಪರದೆಯಲ್ಲಿ ಗಟ್ಟಿಯಿದ್ದ ಭಾಗವನ್ನು ಕತ್ತರಿಸಿ, ಕಪ್ಪು ಒಳಬಟ್ಟೆ ಕೊಟ್ಟು ಹೊಲಿಯುತ್ತ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ಜನ್ಮವಿಡೀ ಮೇಲೊಂದು ಕೆಳಗೊಂದು ಹಳಿಯ ನಡುವೆ ಬಾಗಿಲು ಎಳೆದ ಗಂಡಸಿಗೆ ಪರದೆಗೂ ಕೆಳಗೊಂದು ಕಂಬಿ ಹಾಕಬಹುದೆಂದು ಹೊಳೆಯಲಿಲ್ಲವಲ್ಲ ಎಂದಳು. ಮೇಲೊಂದು ಕಂಬಿ, ಕಟ್ಟೆಯ ಮಟ್ಟಕ್ಕೆ ಇನ್ನೊಂದು ಕಂಬಿ, ಎರಡಕ್ಕೂ ಪೋಣಿಸಿದ ಪರದೆ ಡೋಲಿನ ಚರ್ಮದಂತೆ ಬಿಗಿಯಾಗಿ ನಿಂತಿತು. ತಾವು ಐದರಲ್ಲಿ ತಿರುಗಿ ಬಾಯಿ ಬಾಯಿ ಬಿಟ್ಟಿರಿ. ಒಂದು ನೂಲೂ ಸಿಗಲಿಲ್ಲ. ಕೋಣೆಯಲ್ಲಿ ಎಂಥ ಕತ್ತಲೆಂದರೆ, ಅದು ಎಷ್ಟು ಚೆನ್ನಾಗಿದೆ ಎಂದು ನೋಡಲು ನಾನು ಹಿಂದಿಗಿಂತ ಹೆಚ್ಚು ಸಲ ಬಾಗಿಲು ತೆರೆಯಬೇಕಾಯಿತು.

ಎರಡು ದಿನ ಕಳೆದು ಆ ಚೀಲ ಕೆಳಗಿಳಿಯಿತು.

ಸೊಸೆ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು, ಪಕ್ಕದಲ್ಲಿ ಚೀಲ, ಈಗ ಪೂರ್ತಿ ತುಂಬಿದ್ದು. ನಾನು ಹೋಗಿ ಚೀಲಕ್ಕೆ ಅಡ್ಡ ನಿಂತೆ. ಎಲ್ಲಿಂದ ಬೆಳಕು ಬರುತ್ತಿದೆ ಹೇಳು ತಾಯಿ, ಯಾವ ಮೂಲೆ, ಈಗಲೇ ಮುಚ್ಚಿಸುತ್ತೇನೆ ಎಂದೆ. ಅವಳು ಅಭ್ಯಾಸದಂತೆ ಪರವಾಗಿಲ್ಲ ಎಂದು ಶುರುಮಾಡಿ, ಅರ್ಧದಲ್ಲಿ ನಿಲ್ಲಿಸಿ, ದಾರವನ್ನೇ ನೋಡುತ್ತ ಹೇಳಿದಳು:

"ಮಾವ, ನನ್ನ ಎಬ್ಬಿಸ್ತಿರೋದು ಬೆಳಕಲ್ಲ. ಕತ್ತಲಾಗಿದೆಯಾ ಅಂತ ನೋಡೋಕೆ ನೀವು ಬಾಗಿಲು ತೆಗೀತೀರಲ್ಲ, ಅದು."

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮನೆಯಾಕೆ ನಗು ತಡೆಯಲಾರದೆ ಅಲ್ಲೇ ಕುಕ್ಕರಿಸಿದ್ದಳು. "ಲಿಫ್ಟಿಂದ ಇವರು ಇಳಿದ್ರು ಕಣೇ, ಇವರಿಂದ ಲಿಫ್ಟು ಇಳೀಲಿಲ್ಲ," ಎಂದಳು. ಸೊಸೆ ನಗಬಾರದೆಂದು ತುಟಿ ಕಚ್ಚಿ, ಕಚ್ಚಿದ್ದು ಸಾಲದೆ ನಕ್ಕಳು. ಅವತ್ತು ಸಂಜೆ ಮಗ ಬಾಗಿಲಿಗೆ ಒಳಗಿನಿಂದ ಹಾಕುವ ಒಂದು ಚಿಲಕ ಹೊಡೆದುಕೊಟ್ಟ. ಗ್ಯಾರೇಜಿನವನು, ಎತ್ತಿನ ಗಾಡಿಯನ್ನೂ ತಡೆಯಬಲ್ಲ ಚಿಲಕ. ಇನ್ನೊಂದು ವಾರ ನೋಡುತ್ತೇನೆ ಎಂದು ಸೊಸೆ ಹೇಳಿದಳು. ಚೀಲ ಮಾತ್ರ ಮೆಟ್ಟಿಲ ಬುಡದಲ್ಲೇ, ನನ್ನನ್ನು ದಿಟ್ಟಿಸುತ್ತ ಉಳಿಯಿತು.

ಮಾರನೇ ಬೆಳಿಗ್ಗೆ ಚಿಲಕ ಬಿದ್ದ ಸದ್ದು ಕೆಳಗೆ ಕೇಳಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ನಾನು ಮೆಟ್ಟಿಲ ಬುಡದಲ್ಲಿ ಕೂತೆ. ಹತ್ತಬಾರದು, ಕೆಮ್ಮಬಾರದು, ಕರೆಯಬಾರದು ಎಂದು ಮನೆಯಾಕೆಯ ಅಪ್ಪಣೆಯಾಗಿತ್ತು. ಮಧ್ಯಾಹ್ನ ಕಳೆಯಿತು. ಸಂಜೆಯ ಬಿಸಿಲು ಎದುರು ಗೋಡೆ ಹತ್ತಿತು. ಪಾಳಿಯ ಹೊತ್ತಾಯಿತು, ಎಬ್ಬಿಸಿ ಎಂದು ಈಗ ಮನೆಯಾಕೆಯೇ ಹೇಳಿದಳು. ಹತ್ತುವುದಿಲ್ಲವೆಂದು ಆಣೆ ಮಾಡಿದ್ದೇನೆ, ನೀನೇ ಎಬ್ಬಿಸು ಎಂದೆ ನಾನು. ಅವಳಿಗೂ ಮನಸ್ಸು ಬರಲಿಲ್ಲ. ಇಬ್ಬರೂ ಹಾಗೇ ಕೂತೆವು, ಮೇಲಿನಿಂದ ಸೊಟ್ಟಣ್ಣನ ಕಟಕಟವೊಂದೇ ಕೇಳಿಸುತ್ತಿತ್ತು.

ಆಮೇಲೆ ಚಿಲಕ ಸಿಡಿದಂತೆ ತೆರೆಯಿತು. ಸೊಸೆ ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿಸಿಕೊಂಡು, ಎರಡೆರಡು ಮೆಟ್ಟಿಲು ಹಾರಿ ಬಂದಳು.

"ಮನೇಲಿ ಇಷ್ಟು ಜನ ಇದ್ದೀರಿ, ಒಬ್ಬರಿಗಾದ್ರೂ ಬಾಗಿಲು ತಟ್ಟೋಕೆ ಏನು ಧಾಡಿ? ಬೇಡದಾಗೆಲ್ಲ ಬರ್ತೀರಿ, ಬೇಕಾದಾಗ ಬರಲ್ಲ. ಏನ್ ಮಾವ ನೀವು!"

ಅಷ್ಟಂದು, ನನ್ನ ಪಕ್ಕದಲ್ಲಿಟ್ಟಿದ್ದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದು, ಸಕ್ಕರೆ ಇಲ್ಲವೆಂದು ಅದಕ್ಕೂ ಬೈದು ಓಡಿದಳು. ಅವಳು ಬಂದಾಗಿನಿಂದ ಇಷ್ಟು ಚೆನ್ನಾಗಿ ನನಗೆ ಯಾರೂ ಬೈದಿರಲಿಲ್ಲ. ಚೀಲ ಮೆಟ್ಟಿಲ ಬುಡದಲ್ಲೇ ಇತ್ತು. ಮನೆಯಾಕೆ ಅದರೊಳಗಿನ ಬಟ್ಟೆಗಳನ್ನು ತೆಗೆದು ಮಡಚಿ, ಅವುಗಳ ಜಾಗದಲ್ಲಿ ಉಳಿದ ಪರದೆಯ ಚಿಂದಿಗಳನ್ನು ತುಂಬಿ, ಬೀರುವಿನ ಮೇಲೆ ಎಸೆದಳು. ಸೊಸೆ ಈವರೆಗೆ ಅದನ್ನು ಕೇಳಿಲ್ಲ.

ಇಷ್ಟಾದ ಮೇಲೆ ತಮ್ಮ ಮೇಲಿನ ದೂರನ್ನು ಹಿಂತೆಗೆದುಕೊಳ್ಳಬೇಕೆಂದು ಮನೆಯಾಕೆ ಹೇಳುತ್ತಾಳೆ. ನಾನು ಒಪ್ಪಿಲ್ಲ. ಮೂಲ ಅಪರಾಧಿ ತಾವೇ. ನಾನು ನಡುವೆ ಸ್ವಲ್ಪ ಕೈ ಜೋಡಿಸಿದೆ, ಅಷ್ಟೇ. ಆದ್ದರಿಂದ ಪರಿಹಾರವಾಗಿ ತಮ್ಮಿಂದ ಕೆಲವು ಸಣ್ಣ ಉಪಕಾರಗಳನ್ನು ಬೇಡುತ್ತೇನೆ. ಸಾಧ್ಯವಾದರೆ ತಾವು ಒಂದು ಅಡಿ ಮೇಲಕ್ಕೆ ಸರಿಯಬೇಕು. ಅದಕ್ಕೆ ಸೂರು ಅಡ್ಡ ಬಂದರೆ ಅದರ ಜತೆ ಮಾತಾಡಿ ಒಪ್ಪಿಸಬೇಕು, ತಾವಿಬ್ಬರೂ ಹತ್ತಿರದವರು. ಸೂರ್ಯನಿಗೆ ಸ್ವಲ್ಪ ತಡವಾಗಿ ಏಳುವಂತೆ ಹೇಳಿಕಳಿಸಬೇಕು. ಇವೆರಡೂ ಆಗದಿದ್ದರೆ ಬೇಸರವಿಲ್ಲ, ಮೂರನೆಯದೊಂದನ್ನು ನಡೆಸಿಕೊಡಿ. ಬಾಗಿಲು ತೆರೆಯುವ ಅಧಿಕಾರ ನನ್ನ ಕೈಬಿಟ್ಟು ಹೋಯಿತು. ಒಳಗಿರುವವರು ತಾವೊಬ್ಬರೇ. ಅವಳಿಗೆ ನಿದ್ದೆ ಹತ್ತಿದ ಕೂಡಲೇ ಸೊಟ್ಟಣ್ಣನ ಕೈಲಿ ಒಂದು ಸಲ ಕಟ್ ಎನ್ನಿಸಿ, ಎಚ್ಚರವಿದ್ದರೆ ಎರಡು ಸಲ. ಮೆಲ್ಲಗೆ ಅನ್ನಿಸಿ, ಅವಳಿಗೆ ಕೇಳಿಸಬಾರದು. ಕೆಳಗೆ ನಾನು ಕಿವಿಗೊಟ್ಟುಕೊಂಡಿರುತ್ತೇನೆ. ಬೇಗ ಉತ್ತರ ಬರೆಯಿರಿ. ಬರೆಯಲು ಬಾರದಿದ್ದರೆ ಕಟ್ ಎಂದರೂ ಸಾಕು.

ತಮ್ಮ ವಿಶ್ವಾಸಿ,
ಕೆಳಗಿನ ಕೋಣೆಯ ಮಾವ

ವಿ.ಸೂ.: ಹಿರಿಯಣ್ಣನವರ ಅಂಚಿನಲ್ಲಿ ನೀಲಿ ನೂಲೊಂದು ಇನ್ನೂ ನೇತಾಡುತ್ತಿದೆ, ಉಂಡವರು ಬಾಯಿ ಒರೆಸಿಕೊಳ್ಳುವುದು ಮರ್ಯಾದೆ. ಇದನ್ನು ನಾನು ಕಂಡದ್ದು ಸೊಸೆ ಕೆಲಸಕ್ಕೆ ಹೋದ ಮೇಲೆ, ಗಾಳಿಗೆಂದು ತೆರೆದಿಟ್ಟ ಬಾಗಿಲಿನಿಂದ, ಆ ದಾರಿಯಾಗಿ ಹೋಗುತ್ತಿದ್ದಾಗ. ಆ ಮೆಟ್ಟಿಲು ಕೋಣೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗುವುದಿಲ್ಲವಲ್ಲ ಎಂದು ಅವಳು ಕೇಳಿದರೆ, ತಾವು ದಯವಿಟ್ಟು ಏನೂ ಕಾಣದವರಂತೆ ತಿರುಗುತ್ತಿರಿ.